ದೀಪ ಹಚ್ಚಲು ಮನಸ್ಸಾಗದ ಮನೆಯ ದೊಡ್ಡಹಬ್ಬ

ದೊಡ್ಡಹಬ್ಬಕ್ಕೆ ಇನ್ನು ಹೆಚ್ಚು ದಿನವಿಲ್ಲ. ಸಾಗರ, ಸೊರಬ, ಸಿರಸಿಯ ಕಡೆ ದೀಪಾವಳಿಗೆ ಹಾಗೇ ಹೇಳುವುದು. ಹಂಡೆ ತೊಳೆದು ನೀರು ತುಂಬುವುದರಿಂದ ಹಿಡಿದು ಗೋಪೂಜೆ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರುವುದಿಲ್ಲ. ಇಂಥ ಹೊತ್ತಿನಲ್ಲಿ ಕೃತಜ್ಞತೆಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ಸಡಗರ ಇರುವ ಮನೆಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನಾನು ಇವತ್ತು ಇನ್ನೊಂದು ಮನೆಯ ಕಡೆಯಿಂದ ಮಾತನಾಡುತ್ತೇನೆ. ಈ ವರ್ಷ ಯಾರನ್ನೋ ಕಳೆದುಕೊಂಡಿರುವ ಮನೆ. ಅಥವಾ ಒಳಕೋಣೆಯಲ್ಲಿ ಗುಣವಾಗದ ಕಾಯಿಲೆಯವರು ಮಲಗಿರುವ, ಬೀದಿಯಲ್ಲಿ ಪಟಾಕಿ ಸದ್ದು ಶುರುವಾದ ಕೂಡಲೇ ಕಿಟಕಿ ಮುಚ್ಚುವ ಮನೆ.

ನಾನು ನರ್ಸ್. ನನ್ನದು ಮನೆ ಭೇಟಿಯ ಕೆಲಸ. ಇನ್ನು ಗುಣವಾಗುವುದಿಲ್ಲ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದವರ ನೋವು ಕಡಿಮೆ ಮಾಡುವುದು, ಹಾಸಿಗೆ ಹುಣ್ಣು ತೊಳೆಯುವುದು, ನೋಡಿಕೊಳ್ಳುವವರಿಗೆ ಮಗ್ಗುಲು ಬದಲಿಸುವ ಕ್ರಮ ಹೇಳಿಕೊಡುವುದು. ಇದಕ್ಕೆ ಉಪಶಾಮಕ ಆರೈಕೆ ಎನ್ನುತ್ತಾರೆ. ರೋಗಿ ತೀರಿಕೊಂಡ ಮೇಲೂ ಕೆಲವು ತಿಂಗಳು ನಾವು ಆ ಮನೆಗೆ ಹೋಗಿಬರುತ್ತೇವೆ. ಹಬ್ಬದ ಆಸುಪಾಸಿನಲ್ಲಿ ಆ ಮನೆಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಎರಡೇ. ಹಬ್ಬ ಮಾಡಿದರೆ ತಪ್ಪಾಗುತ್ತದೆಯೇ? ಮಾಡದೇ ಇದ್ದರೆ ತಪ್ಪಾಗುತ್ತದೆಯೇ? ಎರಡನ್ನೂ ಒಬ್ಬರೇ, ಒಂದೇ ಉಸಿರಿನಲ್ಲಿ ಕೇಳುವುದುಂಟು.

ಶಾಸ್ತ್ರದ ಉತ್ತರ ಒಂದೊಂದು ಮನೆತನಕ್ಕೆ ಒಂದೊಂದು. ಕೆಲವರು ವರ್ಷ ತುಂಬುವವರೆಗೆ ಯಾವ ಹಬ್ಬವನ್ನೂ ಮಾಡುವುದಿಲ್ಲ, ಕೆಲವರು ದೇವರಿಗೆ ದೀಪವಿಟ್ಟು ಸುಮ್ಮನಾಗುತ್ತಾರೆ, ಕೆಲವರು ಸೂತಕ ಕಳೆದ ಮೇಲೆ ಎಂದಿನಂತೆ ನಡೆಸುತ್ತಾರೆ. ಅದನ್ನು ನಿಮ್ಮ ಮನೆಯ ಹಿರಿಯರು ಹೇಳಲಿ. ನಾನು ಹೇಳಬೇಕಾದದ್ದು ಆ ಪ್ರಶ್ನೆಯ ಒಳಗಿರುವ ಭಯದ ಬಗ್ಗೆ. ನಕ್ಕರೆ ಹೋದವರನ್ನು ಮರೆತ ಹಾಗೆ, ಅತ್ತರೆ ಇರುವವರ ಹಬ್ಬ ಕೆಡಿಸಿದ ಹಾಗೆ ಎಂಬ ಭಯ. ಈ ಎರಡರ ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ ಹೊರಗಿನಿಂದ ಬಂದವರು ಮೂರನೆಯದೊಂದು ಹೊರೆ ಹೊರಿಸುತ್ತಾರೆ. 'ನಿನಗಿಂತ ಕಷ್ಟದಲ್ಲಿರುವವರನ್ನು ನೋಡು, ದೇವರು ನಿನಗೆ ಇಷ್ಟಾದರೂ ಉಳಿಸಿದ್ದಾನಲ್ಲ' ಎನ್ನುತ್ತಾರೆ. ಈ ಮಾತು ಕೇಳಿ ಹಗುರಾದ ಒಬ್ಬರನ್ನೂ ನಾನು ಕಂಡಿಲ್ಲ. ಕೇಳಿದವರು ತಲೆಯಾಡಿಸಿ ಒಳಗೆ ಹೋಗುತ್ತಾರೆ. ಇನ್ನೊಬ್ಬರ ಕಷ್ಟವನ್ನು ತಕ್ಕಡಿಯಲ್ಲಿಟ್ಟು ನಮ್ಮದನ್ನು ತೂಗುವುದರಿಂದ ಬರುವುದು ಕೃತಜ್ಞತೆಯಲ್ಲ, ನಾಚಿಕೆ. ದುಃಖಕ್ಕೆ ನಾಚಿಕೆಯೂ ಸೇರಿದರೆ ಮನುಷ್ಯ ಮಾತು ನಿಲ್ಲಿಸಿಬಿಡುತ್ತಾನೆ.

ಹಬ್ಬದ ದಿನವೇ ದುಃಖ ಯಾಕೆ ಇಷ್ಟು ಜೋರಾಗಿ ಎದ್ದು ಬರುತ್ತದೆ? ಹಬ್ಬವೆಂದರೆ ಹಂಚಿಕೊಂಡ ಕೆಲಸ. ಪ್ರತಿಯೊಂದು ಮನೆಯಲ್ಲೂ ಮಾವಿನೆಲೆ ತರುವವರು ಒಬ್ಬರು, ಹಂಡೆಗೆ ಬೆಂಕಿ ಹಾಕುವವರು ಒಬ್ಬರು, ಹೂರಣ ರುಬ್ಬಿದ್ದು ಸಾಕೋ ಇಲ್ಲವೋ ಎಂದು ನೋಡುವವರು ಒಬ್ಬರು. ವರ್ಷದ ಉಳಿದ ದಿನಗಳಲ್ಲಿ ಹೇಗೋ ಸರಿದು ಹೋಗುವ ಗೈರುಹಾಜರಿ ಅವತ್ತು ಒಂದು ಕೆಲಸದ ರೂಪದಲ್ಲಿ ಎದುರಿಗೆ ನಿಲ್ಲುತ್ತದೆ. ಪೂಜೆಯ ಹೊತ್ತಿನಲ್ಲಿ ಗಟ್ಟಿಯಾಗಿದ್ದವರು ಬಚ್ಚಲೊಲೆಯ ಮುಂದೆ ಕುಸಿಯುತ್ತಾರೆ. ಆ ಒಲೆ ಉರಿಸುವುದು ಹೋದವರ ಕೆಲಸವಾಗಿತ್ತು, ಅಷ್ಟೇ.

ಹೊಸನಗರದ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಅಲ್ಲಿ ನರಕ ಚತುರ್ದಶಿಯ ಬೆಳಗಿನ ಜಾವ ಮೊಮ್ಮಕ್ಕಳ ತಲೆಗೆಲ್ಲ ಎಣ್ಣೆ ಹಚ್ಚುತ್ತಿದ್ದವರು ಅಜ್ಜ. ಅವರು ತೀರಿಕೊಂಡ ವರ್ಷ ಹಬ್ಬ ಬೇಡ ಎಂದು ಗಂಡುಮಕ್ಕಳು ಹೇಳಿದರು. ಹೋಳಿಗೆ ಬೇಡ, ಹೊಸಬಟ್ಟೆ ಬೇಡ, ಆದರೆ ಮಕ್ಕಳ ತಲೆ ಒಣಗಿರುವುದು ಬೇಡ ಎಂದರು ಅಜ್ಜಿ. ಎಣ್ಣೆಯ ಬಟ್ಟಲು ಹಿಡಿಯಲು ದೊಡ್ಡ ಮಗನಿಗೆ ಆಗಲಿಲ್ಲ. ಕೊನೆಗೆ ಎದ್ದವಳು ಕಿರಿಯ ಸೊಸೆ. ಮಾವನ ಕೊನೆಯ ತಿಂಗಳುಗಳಲ್ಲಿ ಅವರ ತಲೆಗೆ ಎಣ್ಣೆ ಹಚ್ಚಿ ಬಿಸಿಬಟ್ಟೆಯಲ್ಲಿ ಮೈ ಒರೆಸುತ್ತಿದ್ದವಳು ಅವಳೇ. ಮೊದಲನೆಯ ಮಗುವನ್ನು ಮಣೆಯ ಮೇಲೆ ಕೂರಿಸಿ, 'ಅಲ್ಲಾಡಬೇಡ, ಎಣ್ಣೆ ಕಿವಿಗೆ ಇಳಿಯುತ್ತದೆ' ಎಂದಳು. ಅದು ಅಜ್ಜನ ಮಾತು, ಅಜ್ಜನ ಧಾಟಿ. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟವು. ಅಜ್ಜಿ ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರಂತೆ. ನಾನು ಮುಂದಿನ ವಾರ ಹೋದಾಗ ಆ ಸೊಸೆ ಇದನ್ನು ಹೇಳಿದಳು. ಹೇಳಿ, 'ಮಾವ ನನಗೆ ಈ ಕೆಲಸ ಬಿಟ್ಟುಹೋದರು' ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ಕೃತಜ್ಞತೆಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ವಾಕ್ಯ. ಅವಳು ಜೀವನಕ್ಕೆ, ವಿಧಿಗೆ, ಒಟ್ಟಾರೆ ಎಲ್ಲದಕ್ಕೆ ಕೃತಜ್ಞಳಾಗಿರಲಿಲ್ಲ. ಒಬ್ಬ ಮನುಷ್ಯನಿಗೆ, ಒಂದು ಕೆಲಸಕ್ಕಾಗಿ ಕೃತಜ್ಞಳಾಗಿದ್ದಳು. ಅವರು ಇಲ್ಲವೆಂಬ ಸಂಕಟವೂ ಅದರಲ್ಲೇ ಇತ್ತು. ಎರಡನ್ನೂ ಬೇರ್ಪಡಿಸಲು ಅವಳು ಹೋಗಲಿಲ್ಲ.

ನಮ್ಮ ಹಿರಿಯರು ಕೂಡ ಇದನ್ನು ಬೇರ್ಪಡಿಸಿರಲಿಲ್ಲ. ಹಬ್ಬವೆಂದರೆ ಬರೀ ಸಂತೋಷ ಎಂದು ನಾವು ಅಂದುಕೊಂಡಿರುವುದು ಬಟ್ಟೆ ಅಂಗಡಿ, ಚಿನ್ನದ ಅಂಗಡಿಯ ಜಾಹೀರಾತುಗಳನ್ನು ನೋಡಿ. ದೀಪಾವಳಿಯನ್ನೇ ತೆಗೆದುಕೊಳ್ಳಿ. ಪಾಡ್ಯದ ದಿನ ನಾವು ಪೂಜೆ ಮಾಡುವುದು ಬಲೀಂದ್ರನಿಗೆ. ಯಾರು ಬಲಿ? ವಾಮನನ ಎರಡು ಹೆಜ್ಜೆಗೆ ಭೂಮಿ, ಆಕಾಶ ಎರಡನ್ನೂ ಕಳೆದುಕೊಂಡು, ಮೂರನೆಯ ಹೆಜ್ಜೆಗೆ ತಲೆಯೊಡ್ಡಿ ಪಾತಾಳಕ್ಕೆ ಹೋದ ದೊರೆ. ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುವುದಕ್ಕೆ ಮಾತ್ರ ಅವನಿಗೆ ಅಪ್ಪಣೆ. ಹಬ್ಬದ ನಡುಮಧ್ಯದಲ್ಲಿ ಕೂತಿರುವವನು ಹೊರಟುಹೋದವನು.

ತುಳುನಾಡಿನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಹಾಲೆಮರದ ಕಂಬ ನೆಟ್ಟು, ದೀಪವಿಟ್ಟು, ಸಂಜೆ ಗದ್ದೆಯ ಬದುವಿನಲ್ಲಿ ನಿಂತು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಕರೆಯುವ ಮಾತಿನಲ್ಲಿ ಅವನು ರಾಜ್ಯಕ್ಕೆ ಮರಳುವ ಕಾಲ ಯಾವುದೆಂದು ಹೇಳುತ್ತಾರೆ. ಕರಿಗಲ್ಲು ಕಾಯಿ ಬಿಟ್ಟಾಗ, ಬಿಳಿಗಲ್ಲು ಹೂ ಬಿಟ್ಟಾಗ, ಉಪ್ಪು ಕರ್ಪೂರವಾದಾಗ, ಉದ್ದು ಮದ್ದಳೆಯಾದಾಗ. ಕೊನೆಗೆ ಎಲ್ಲರೂ ಸೇರಿ 'ಕೂ' ಎಂದು ದನಿ ತೆಗೆಯುತ್ತಾರೆ. ಕಲ್ಲು ಕಾಯಿ ಬಿಡುವುದಿಲ್ಲ ಎಂದು ಆ ರೈತರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅವನು ಉಳಿಯಲು ಬರುವುದಿಲ್ಲ ಎಂದು ತಿಳಿದೇ, ಒಂದು ದಿನದ ಮಟ್ಟಿಗೆ ಬಾ ಎಂದು ಕರೆಯುತ್ತಾರೆ. ಗಂಡನ ಫೋಟೋದ ಮುಂದೆ ಒಂದು ಲೋಟ ಕಾಫಿ ಇಟ್ಟು, 'ಬಂದು ಕುಡಿಯುವುದಿಲ್ಲ ಎಂದು ಗೊತ್ತು, ಆದರೂ ಇಡಬೇಕು ಅನಿಸುತ್ತದೆ, ನನಗೇನಾದರೂ ಆಗಿದೆಯೇ' ಎಂದು ಕೇಳಿದ ಒಬ್ಬರಿಗೆ ನಾನು ಈ ಕೂಗನ್ನೇ ಹೇಳಿದೆ. ನಿಮಗೇನೂ ಆಗಿಲ್ಲ, ಒಂದು ಸೀಮೆಯ ಜನರೆಲ್ಲ ಸೇರಿ ತಲೆತಲಾಂತರದಿಂದ ಮಾಡುತ್ತಿರುವುದನ್ನು ನೀವು ಒಬ್ಬರೇ ಮಾಡುತ್ತಿದ್ದೀರಿ.

ಮಂಡ್ಯ, ಮೈಸೂರಿನ ಕಡೆಯ ಎಡೆ ಇಡುವ ಹಬ್ಬವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಹೊಸಬಟ್ಟೆ ಇಡುತ್ತಾರೆ. ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸುತ್ತಾರೆ. ಮುದ್ದೆ, ಮಾಂಸದ ಸಾರು, ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಸತ್ತವರ ಚಟವನ್ನೂ ಮರೆಯದ ಪ್ರೀತಿ ಅದು. ಇನ್ನೊಂದು ಸಂಗತಿ ಗಮನಿಸಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸಿದ ಮರುದಿನವೇ ನವರಾತ್ರಿ ಶುರು. ಸಡಗರಕ್ಕೆ ಮೊದಲು ಹೋದವರ ಪಂಕ್ತಿ ಆಗಬೇಕು ಎಂದು ಪಂಚಾಂಗವೇ ಗೊತ್ತುಮಾಡಿದೆ. ಮಂಗಳೂರಿನ ಕ್ರೈಸ್ತರ ತೆನೆಹಬ್ಬ ಸೆಪ್ಟೆಂಬರ್ 8ರಂದು ಬರುತ್ತದೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುವುದು ಅದರ ಮುಖ್ಯ ಆಚರಣೆ. ಗಲ್ಫಿನಲ್ಲೋ ಬೇರೆ ದೇಶದಲ್ಲೋ ಇರುವ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳಿಸುವ ಪದ್ಧತಿಯೂ ಇದೆ. ಊಟದ ಹೊತ್ತಿಗೆ ಜೊತೆಯಲ್ಲಿ ಇಲ್ಲದವರ ಪಾಲು ಎತ್ತಿಡುವುದು ಎಷ್ಟು ಕಡೆ, ಎಷ್ಟು ಬಗೆಯಲ್ಲಿದೆ ನೋಡಿ.

ಮನಃಶಾಸ್ತ್ರ ಓದಿದವರೂ ಈ ಕಡೆಗೇ ಬಂದಿದ್ದಾರೆ. ದುಃಖಕ್ಕೆ ಐದು ಹಂತ ಎಂದು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಎಲಿಸಬೆತ್ ಕೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತನಾಡಿ. ಆಮೇಲೆ ಜನ ಅದನ್ನು ಉಳಿದವರ ದುಃಖಕ್ಕೂ ಅಂಟಿಸಿ, ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಹೊರಗೆ ಬರಬೇಕು ಎಂಬಂತೆ ಹೇಳತೊಡಗಿದರು. 'ನಾನಿನ್ನೂ ನಾಲ್ಕನೆಯ ಹಂತದಲ್ಲೇ ಇದ್ದೇನೆ' ಎಂದು ಒಬ್ಬ ಕಾಲೇಜು ಹುಡುಗಿ ನನ್ನ ಹತ್ತಿರ ಪರೀಕ್ಷೆ ಫೇಲಾದವಳಂತೆ ಹೇಳಿದಳು. 1996ರಲ್ಲಿ ಡೆನ್ನಿಸ್ ಕ್ಲಾಸ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ಬೇರೆಯದನ್ನೇ ಹೇಳಿದರು. ಹೋದವರ ಜೊತೆಗಿನ ನಂಟು ಕಡಿದುಹೋಗಬೇಕಾಗಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದು ರೋಗವಲ್ಲ ಎಂದು. ಎಡೆ ಇಡುವ ನಮ್ಮ ಅಜ್ಜಿಯರು ಇದನ್ನು ಓದಿರಲಿಲ್ಲ. ಅವರಿಗೆ ಓದುವ ಅಗತ್ಯವೂ ಇರಲಿಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಹೋದವರೆಲ್ಲ ಒಳ್ಳೆಯವರಾಗಿರುವುದಿಲ್ಲ. ನಾನು ಹೋಗುವ ಮನೆಗಳಲ್ಲಿ ಇದು ಪ್ರತಿ ಸಲ ಎದುರಾಗುವ ಸತ್ಯ. ಕುಡಿದು ಹೊಡೆಯುತ್ತಿದ್ದ ಗಂಡ, ಸಾಲ ಬಿಟ್ಟುಹೋದ ಅಪ್ಪ, ಸೊಸೆಯನ್ನು ಹಿಂಡಿದ ಅತ್ತೆ. ಅಂಥವರನ್ನು ಕೊನೆಯವರೆಗೆ ನೋಡಿಕೊಂಡವರಿಗೆ 'ಅವರಿಂದ ಸಿಕ್ಕ ಒಳ್ಳೆಯದನ್ನು ನೆನೆಸಿಕೊಳ್ಳಿ' ಎನ್ನಲು ನನಗೆ ಬಾಯಿ ಬರುವುದಿಲ್ಲ. ಭದ್ರಾವತಿಯ ಒಬ್ಬ ಹೆಂಗಸಿನ ಗಂಡನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಆತ ಆರೋಗ್ಯವಾಗಿದ್ದಾಗ ಮನೆಗೆ ಒಂದು ದಿನವೂ ನೆಟ್ಟಗೆ ದುಡಿದು ಹಾಕಿರಲಿಲ್ಲ. ಅವಳು ಹೂ ಕಟ್ಟಿ ಮಾರಿ ಅವನನ್ನೂ ಮಕ್ಕಳನ್ನೂ ಸಾಕಿದಳು. ಅವನು ಹೋದ ಮೇಲೆ ನಾನು ಕೇಳಿದೆ, ಈ ಕಾಲದಲ್ಲಿ ನಿಮಗೆ ಒತ್ತಾಸೆಯಾಗಿ ನಿಂತವರು ಯಾರಾದರೂ ಇದ್ದರಾ ಎಂದು. ಅವಳು ತಕ್ಷಣ ಹೇಳಿದ ಹೆಸರು ಒಬ್ಬ ಆಟೊ ಚಾಲಕನದು. ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೆಲ್ಲ ಕಾದು ನಿಂತು, ಕಾದದ್ದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳದೆ, ರೋಗಿಯನ್ನು ಎರಡೂ ಕೈಯಲ್ಲಿ ಎತ್ತಿ ಕೂರಿಸುತ್ತಿದ್ದವನು. 'ಅವನಿಗೆ ಏನೂ ಹೇಳಲಿಲ್ಲ ನಾನು' ಎಂದು ಅತ್ತಳು. ಗಂಡ ಹೋದಾಗ ಅಳದವಳು.

ಆ ವರ್ಷ ಆಯುಧಪೂಜೆಯ ದಿನ ಅವಳು ತಾನೇ ಕಟ್ಟಿದ ಸೇವಂತಿಗೆಯ ದೊಡ್ಡ ಹಾರ ತೆಗೆದುಕೊಂಡು ಆಟೊ ನಿಲ್ದಾಣಕ್ಕೆ ಹೋದಳು. ಆಟೊಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಇಟ್ಟಿದ್ದರು. ಹಾರ ಕೊಟ್ಟು ಹಿಂದೆ ಸರಿದಳು. ಯಾಕೆ ಹಿಂದೆ ಸರಿದಳೆಂದು ನಿಮಗೆಲ್ಲ ಗೊತ್ತು. ಆತ, 'ಅಕ್ಕ, ಎಲ್ಲಿಗೆ ಹೋಗುತ್ತೀರಿ, ಹಾರ ನೀವೇ ಹಾಕಿ, ಆರತಿಯನ್ನೂ ನೀವೇ ಎತ್ತಬೇಕು' ಎಂದ. ಉಳಿದ ಚಾಲಕರೆಲ್ಲ ನೋಡುತ್ತಾ ನಿಂತಿದ್ದರು. ಅವಳು ಆರತಿ ಎತ್ತಿದಳು.

ಈ ಸಂಗತಿಯಿಂದ ನನಗೆ ಎರಡು ಮಾತು ಹೇಳಬೇಕಿದೆ. ಮೊದಲನೆಯದು, ಕೃತಜ್ಞತೆ ಎಲ್ಲಿ ಇದೆಯೋ ಅಲ್ಲಿಗೆ ಹೋಗಲಿ, ಎಲ್ಲಿರಬೇಕು ಎಂದು ಜನ ಹೇಳುತ್ತಾರೋ ಅಲ್ಲಿಗಲ್ಲ. ಸತ್ತವರನ್ನು ಕ್ಷಮಿಸಲು ಈ ಹಬ್ಬಕ್ಕೆ ಆಗದಿದ್ದರೆ ಬಿಡಿ. ಆ ಕೆಟ್ಟ ಕಾಲದಲ್ಲಿ ನಿಮ್ಮ ಜೊತೆ ನಿಂತವರು ಬದುಕಿದ್ದಾರಲ್ಲ, ಔಷಧಿ ಅಂಗಡಿಯವರು, ರಾತ್ರಿ ಎರಡು ಗಂಟೆಗೆ ಬಂದ ಪಕ್ಕದ ಮನೆಯವರು, ಮಕ್ಕಳಿಗೆ ಊಟ ಹಾಕಿದ ಓರಗಿತ್ತಿ, ಅವರಿಗೆ ಹೋಗಿ ಹೇಳಿ. 2003ರಲ್ಲಿ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಇಬ್ಬರು ಸಂಶೋಧಕರು ನರ ಸ್ನಾಯುಗಳ ಕಾಯಿಲೆ ಇರುವವರಿಗೆ 21 ದಿನ ಪ್ರತಿದಿನ ತಮಗೆ ಸಂದ ಉಪಕಾರಗಳನ್ನು ಬರೆದಿಡಲು ಹೇಳಿದರು. ಕಾಯಿಲೆ ಹೋಗಲಿಲ್ಲ. ಆದರೆ ಅವರಿಗೆ ನಿದ್ರೆ ಹೆಚ್ಚು ಬಂತು, ಬೇರೆಯವರ ಜೊತೆ ತಾವು ಹೆಚ್ಚು ಬೆಸೆದುಕೊಂಡಿದ್ದೇವೆ ಅನಿಸಿತು. ನನಗೆ ಮುಖ್ಯವೆನಿಸುವುದು ಆ ಎರಡನೆಯದು. ದುಃಖ ಮನುಷ್ಯನನ್ನು ಒಂಟಿ ಮಾಡುತ್ತದೆ. ಯಾರಿಗೆ ಏನು ಋಣಿ ಎಂದು ನೆನೆಸಿಕೊಂಡಾಗ ಆ ಒಂಟಿತನದೊಳಗೆ ಇನ್ನೊಬ್ಬರ ಮುಖ ಕಾಣಿಸುತ್ತದೆ.

ಎರಡನೆಯ ಮಾತು ಸಿಟ್ಟಿನದು, ಕ್ಷಮಿಸಿ. ಗಂಡ ಸತ್ತ ಹೆಣ್ಣುಮಗಳನ್ನು ಹಬ್ಬದ ದಿನ ಹಿತ್ತಲ ಬಾಗಿಲಿಗೆ ಕಳಿಸುವ ನಮ್ಮ ಪದ್ಧತಿ. ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಗಂಡನ ಕಫ ತೆಗೆದ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಳ್ಳಬಾರದಂತೆ. ಗೌರಿಹಬ್ಬದ ಬಾಗಿನ ಅವಳಿಗಿಲ್ಲ, ಆರತಿಗೆ ಅವಳು ಎದುರು ಬರಬಾರದು. ಎಲ್ಲರಿಗಿಂತ ಹೆಚ್ಚು ಪ್ರೀತಿ ಬೇಕಾದ ದಿನವೇ ಅವಳನ್ನು ದೂರ ಇಡುತ್ತೇವೆ, ಆಮೇಲೆ ದುಃಖ ಮರೆತು ಸಂತೋಷವಾಗಿರು ಎಂದು ಉಪದೇಶ ಮಾಡುತ್ತೇವೆ. ಇದು ಬದಲಾಗುವುದಿಲ್ಲ ಎನ್ನುವವರಿಗೆ ಎರಡು ನಿದರ್ಶನ ಕೊಡುತ್ತೇನೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ನಮ್ಮ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಗ್ರಾಮ ಪಂಚಾಯಿತಿ, ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು 2022ರ ಮೇ ತಿಂಗಳಿನಲ್ಲಿ ಠರಾವು ಮಾಡಿತು. ಒಂದು ದೇವಸ್ಥಾನಕ್ಕೆ, ಒಂದು ಪಂಚಾಯಿತಿಗೆ ಆದದ್ದು ಒಂದು ಮನೆಗೆ ಆಗದೇ? ನಿಮ್ಮ ಮನೆಯ ಹಿರಿಯ ಹೆಂಗಸು ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದರೆ ಸಾಕು, ಉಳಿದವರು ಏನೂ ಹೇಳುವುದಿಲ್ಲ.

ಬೇರೆ ಬಗೆಯ ಕಷ್ಟಗಳೂ ಇವೆ. ಕೆಲಸ ಹೋಗಿದೆ, ಅಡಿಕೆಗೆ ಕೊಳೆರೋಗ ಬಂದು ಫಸಲು ಕೈಗೆ ಸಿಕ್ಕಿಲ್ಲ, ಮಗಳ ಮದುವೆ ಮುರಿದು ಮನೆಗೆ ಬಂದಿದ್ದಾಳೆ, ಮಗ ದೂರದೇಶದಲ್ಲಿದ್ದಾನೆ. ಎಲ್ಲರಿಗೂ ನಾನು ಹೇಳುವುದು ಒಂದೇ. ಹಬ್ಬದ ಅಷ್ಟೂ ಕೆಲಸಗಳಲ್ಲಿ ನಿಮಗೆ ನಿಜಕ್ಕೂ ಬೇಕೆನಿಸುವ ಒಂದನ್ನು ಆರಿಸಿಕೊಳ್ಳಿ. ಒಂದು ದೀಪ, ಇಲ್ಲವೇ ಒಂದು ಸೌತೆಕಾಯಿ ಕಡುಬಿನ ಊಟ, ಇಲ್ಲವೇ ಎಣ್ಣೆ ನೀರು. ಉಳಿದದ್ದನ್ನು ಮುಂದಿನ ವರ್ಷಕ್ಕೆ ಬಿಡಿ. ನಾಡಿನ ದೊಡ್ಡ ಹಬ್ಬವೇ ಹಾಗೆ ಸಣ್ಣದಾಗಿ ನಡೆದಿದೆಯಲ್ಲ. ಕೊರೊನಾ ಇದ್ದ 2020ರಲ್ಲಿ ಮೈಸೂರು ದಸರಾದ ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಅಭಿಮನ್ಯು ಎಂಬ ಆನೆ ಮೊದಲ ಬಾರಿ ಅಂಬಾರಿ ಹೊತ್ತದ್ದು ಅದೇ ವರ್ಷ, ಬೀದಿಯ ಜನಸಾಗರವಿಲ್ಲದೆ.

ಮನೆಯಲ್ಲಿ ಮಲಗಿದ ರೋಗಿ ಇದ್ದರೆ ಹಬ್ಬವನ್ನು ಹಾಸಿಗೆಯ ಹತ್ತಿರ ತನ್ನಿ. ನುಂಗಲು ಆಗದವರಿಗೆ ಪಾಯಸ ಕುಡಿಸಲು ಹೋಗಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಅಪಾಯ. ಹತ್ತಿಯಿಂದ ತುಟಿಗೆ ಸವರಿ ಒರೆಸಿ, ರುಚಿ ಗೊತ್ತಾಗುತ್ತದೆ. ಏಲಕ್ಕಿ, ಬೆಲ್ಲದ ಪರಿಮಳ ಕೋಣೆಗೆ ಬರಲಿ, ಬಾಗಿಲು ಹಾಕಬೇಡಿ. ಊದುಬತ್ತಿಯ ಹೊಗೆ ಮಾತ್ರ ಬೇಡ. ಕೊನೆಯ ದಿನಗಳಲ್ಲಿರುವವರು ಹಬ್ಬದ ಹೊತ್ತಿಗೆ ಕರೆದು ಕೂರಿಸಿಕೊಂಡು ಏನಾದರೂ ಹೇಳಲು ನೋಡುತ್ತಾರೆ. ನಾವು 'ಸುಮ್ಮನಿರಿ, ಏನೂ ಆಗುವುದಿಲ್ಲ, ಮುಂದಿನ ವರ್ಷವೂ ಹಬ್ಬ ಮಾಡೋಣ' ಎಂದು ಬಾಯಿ ಮುಚ್ಚಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಅವರಿಗೂ ಋಣ ಹೇಳಿಕೊಳ್ಳುವುದಿರುತ್ತದೆ. ನಿಮಗೂ ಇರುತ್ತದೆ. ಇಬ್ಬರೂ ಬದುಕಿರುವಾಗ ಹೇಳಿದ ಮಾತು, ಆಮೇಲೆ ಉಳಿದವರನ್ನು ವರ್ಷಗಟ್ಟಲೆ ಕಾಯುತ್ತದೆ.

ಇನ್ನು ನೆರೆಹೊರೆಯವರಿಗೆ. ಸಾವಿಲ್ಲದ ಮನೆಯ ಸಾಸಿವೆ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದ ಕತೆ. ಅದನ್ನು ನಾವು ದುಃಖದಲ್ಲಿರುವವರ ಬಾಯಿ ಮುಚ್ಚಿಸಲು ಬಳಸುತ್ತೇವೆ, ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದು. ಆ ಕತೆಯಲ್ಲಿ ನಡೆದದ್ದನ್ನು ನೋಡಿ. ಬುದ್ಧ ಅವಳಿಗೆ ಉಪದೇಶವನ್ನು ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಮನೆ ಮನೆಗೆ ಕಳಿಸಿದ. ಅವಳು ಪ್ರತಿಯೊಂದು ಬಾಗಿಲಿನಲ್ಲೂ ನಿಂತು ಕೇಳಿದಳು, ಪ್ರತಿಯೊಂದು ಮನೆಯವರೂ ತಮ್ಮಲ್ಲಿ ಸತ್ತವರ ಸುದ್ದಿ ಹೇಳಿದರು. ಸಾಸಿವೆ ಸಿಗಲಿಲ್ಲ, ಊರಿನ ಬಾಗಿಲುಗಳೆಲ್ಲ ತೆರೆದವು. ಅವಳನ್ನು ಉಳಿಸಿದ್ದು ಆ ಮಾತುಕತೆ ಎಂದು ನಾನು ನಂಬಿದ್ದೇನೆ.

ನಮ್ಮ ಮಲೆನಾಡಿನ ಅಂಟಿಗೆ ಪಂಟಿಗೆಯವರು ಇದನ್ನೇ ದೀಪ ಹಿಡಿದು ಮಾಡುತ್ತಾರೆ. ದೀಪಾವಳಿಯ ರಾತ್ರಿಗಳಲ್ಲಿ ಆರದಂತೆ ಕಾಪಾಡಿಕೊಂಡ ದೀಪದೊಂದಿಗೆ ಕತ್ತಲಲ್ಲಿ ತೋಟ, ಗದ್ದೆ ದಾಟಿ ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ತಂಡಗಳು. ಮನೆಯವರು ಎದ್ದು ಬಾಗಿಲು ತೆಗೆದು, ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಈ ವರ್ಷ ಹಬ್ಬವಿಲ್ಲದ ಮನೆ ಎಂದು ತಂಡ ಮುಂದೆ ಹೋಗುವುದುಂಟು. ಇಲ್ಲಿ ಅಂಟಿಗೆ ಪಂಟಿಗೆಗೆ ಹೋಗುವವರು ಯಾರಾದರೂ ಇದ್ದರೆ ನನ್ನದೊಂದು ಕೋರಿಕೆ. ಮೊದಲೇ ಹೋಗಿ ಆ ಮನೆಯವರನ್ನು ಕೇಳಿ. ಹಾಡು ಬೇಡವೆಂದರೆ ಹಾಡಬೇಡಿ, ಅಂಗಳಕ್ಕೆ ದೀಪ ತಂದು ಒಂದು ಗಳಿಗೆ ನಿಂತು ಹೋಗಬಹುದೇ ಎಂದು ಕೇಳಿ. ಬೇಡ ಎಂದರೆ ಅದನ್ನೂ ಗೌರವಿಸಿ.

ಉಳಿದವರು ಹೋಗುವಾಗ ಬೇಳೆ ಒಬ್ಬಟ್ಟಿನ ಜೊತೆಗೆ ಅನ್ನ, ಸಾರನ್ನೂ ತೆಗೆದುಕೊಂಡು ಹೋಗಿ, ಆ ಮನೆಯಲ್ಲಿ ಅವತ್ತು ಒಲೆ ಹೊತ್ತಿರುವುದಿಲ್ಲ. ಹೋದವರ ಹೆಸರು ಹಿಡಿದು ಮಾತನಾಡಿ. ಹೆಸರೆತ್ತಿದರೆ ನೆನಪಾಗಿ ಅಳುತ್ತಾರೆ ಎಂದು ಎಲ್ಲರೂ ಹೆದರುತ್ತಾರೆ. ಅವರು ಮರೆತೇ ಇಲ್ಲ, ನೆನಪಿಸುವುದೇನು ಬಂತು? ಅವರನ್ನು ಕೊಲ್ಲುವುದು ಊರೆಲ್ಲ ಆ ಹೆಸರನ್ನು ನುಂಗಿಕೊಂಡಿರುವುದು. 'ಹೋದ ವರ್ಷ ಭಾವಯ್ಯ ಗೋಪೂಜೆಗೆ ಅಡಿಕೆಯ ಹಾರ ಎಷ್ಟು ಚೆಂದ ಕಟ್ಟಿದ್ದರು' ಎಂದು ಶುರುಮಾಡಿ, ಆಮೇಲೆ ನೀವು ಕೇಳುತ್ತಾ ಕೂತರೆ ಸಾಕು. ಹಬ್ಬ ಕಳೆದ ಮೇಲಿನ ವಾರವೂ ಹೋಗಿ. ನೆಂಟರೆಲ್ಲ ಹೊರಟ ಮೇಲಿನ ದಿನಗಳು ಹಬ್ಬದ ದಿನಕ್ಕಿಂತ ಭಾರ.

ಯಾರಾದರೂ ಊಟ, ನಿದ್ದೆ ಪೂರ್ತಿ ಬಿಟ್ಟಿದ್ದರೆ, ಬದುಕುವುದು ಬೇಡ ಎಂಬ ಮಾತು ಬಾಯಿಂದ ಬಂದರೆ, ಅದನ್ನು ಹಬ್ಬದ ದುಃಖ ಎಂದು ತಳ್ಳಿಹಾಕಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅವರನ್ನು ಒಬ್ಬರೇ ಬಿಡದೆ, ಪಕ್ಕದಲ್ಲಿ ಕೂತು ನೀವೇ ಆ ಸಂಖ್ಯೆಗೆ ಕರೆ ಮಾಡಿಕೊಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆಗೆ ಈ ಬರಹದಲ್ಲಿ ಉತ್ತರಿಸುತ್ತೇನೆ, ಅದು ಅನೇಕರ ಪ್ರಶ್ನೆ. ತಮ್ಮ ತೀರಿಕೊಂಡು ಕೆಲವು ತಿಂಗಳಾಗಿದೆ, ಅವನ ಮಗ ಪಟಾಕಿ ಬೇಕೆಂದು ಹಟ ಮಾಡುತ್ತಿದ್ದಾನೆ, ಕೊಡಿಸಬಹುದೇ ಎಂದು ಅವರು ಕೇಳಿದರು. ಖಂಡಿತ ಕೊಡಿಸಿ. ಮಕ್ಕಳು ದೊಡ್ಡವರ ಹಾಗೆ ಬೆಳಗಿನಿಂದ ಸಂಜೆಯವರೆಗೆ ದುಃಖಪಡುವುದಿಲ್ಲ. ಆಡುತ್ತಾರೆ, ನಗುತ್ತಾರೆ, ರಾತ್ರಿ ಮಲಗುವಾಗ ಅಪ್ಪ ಎಲ್ಲಿ ಎಂದು ಕೇಳುತ್ತಾರೆ. ಹಟ ಮಾಡುತ್ತಿದ್ದಾನೆಂದರೆ ಅವನಿಗೆ ಅಪ್ಪನ ಜೊತೆಗಿನ ಹಬ್ಬ ಬೇಕಾಗಿದೆ. ಅಪ್ಪ ಯಾವ ಪಟಾಕಿ ತರುತ್ತಿದ್ದರು ಎಂದು ಅವನನ್ನೇ ಕೇಳಿ, ಅಂಗಡಿಗೆ ಅವನನ್ನು ಕರೆದುಕೊಂಡು ಹೋಗಿ, ಹಚ್ಚುವಾಗ ಜೊತೆಗೆ ನಿಲ್ಲಿ. ಅಂಗಳಕ್ಕೆ ಬಂದ ಮೇಲೆ ಬೇಡ ಎಂದರೆ ಒತ್ತಾಯ ಮಾಡಬೇಡಿ, ಎತ್ತಿಡಿ. ಅಪ್ಪ ಸತ್ತ ಮನೆಯಲ್ಲಿ ಪಟಾಕಿಯೇ ಎಂದು ಯಾರಾದರೂ ಆಡಿಕೊಂಡರೆ ಅದಕ್ಕೆ ಉತ್ತರ ಹೇಳುವ ಕೆಲಸವನ್ನು ಹುಡುಗನ ತಾಯಿಯ ಮೇಲೆ ಬಿಡಬೇಡಿ. ನೀವು ದೊಡ್ಡಪ್ಪ. ನಾನೇ ಕೊಡಿಸಿದ್ದು ಎಂದು ನೀವು ಹೇಳಿ.